ಸವೆದ ಸ್ಟೀರಿಂಗಿಗೆ ಎಣ್ಣೆ ಬೇಡ



ಹಳೆಯ ಕಾರು ಕೊಳ್ಳಲು ಹೋದಾಗ ಪಳಗಿದವರು ಮೊದಲು ಬಾನೆಟ್ ಎತ್ತಿಸುವುದಿಲ್ಲ. ಬಾಗಿಲು ತೆಗೆದು ಸ್ಟೀರಿಂಗ್ ನೋಡುತ್ತಾರೆ, ಗೇರಿನ ಹಿಡಿ ನೋಡುತ್ತಾರೆ, ಬಗ್ಗಿ ಕ್ಲಚ್ಚಿನ ರಬ್ಬರು ನೋಡುತ್ತಾರೆ. ಮೀಟರಿನ ಅಂಕಿ ತಿದ್ದಬಲ್ಲವರು ಇದ್ದಾರೆ. ಅಂಗೈ ವರ್ಷಗಟ್ಟಲೆ ಉಜ್ಜಿದ ಚರ್ಮ ಮಾತ್ರ ನಡೆದದ್ದನ್ನು ನಡೆದಂತೆ ಹೇಳುತ್ತದೆ. ಮೀಟರು 40,000 ಕಿಲೋಮೀಟರ್ ಎನ್ನುತ್ತಿದ್ದು ಸ್ಟೀರಿಂಗಿನ ನೆತ್ತಿ ಬೋಳಾಗಿದ್ದರೆ ಅವರು ಬೆಲೆಯ ಮಾತಿಗೆ ಇಳಿಯುವ ಮೊದಲು ಸರ್ವಿಸ್ ಪುಸ್ತಕ ಕೇಳುತ್ತಾರೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಮನೆಗಳಲ್ಲಿ ಕಾರೆಂದರೆ ಮದುವೆ ಮುಂಜಿಗೆ ಮಾತ್ರ ಹೊರಡುವ ವಾಹನವಲ್ಲ. ತೋಟಕ್ಕೆ ಹೋಗುತ್ತದೆ, ಮಂಡಿಗೆ ಹೋಗುತ್ತದೆ, ಗೊಬ್ಬರದ ಚೀಲ ಹೊರುತ್ತದೆ, ಅಪರಾತ್ರಿಯಲ್ಲಿ ದಾವಣಗೆರೆಯ ಆಸ್ಪತ್ರೆಗೂ ಓಡುತ್ತದೆ. ಅದರ ಸ್ಟೀರಿಂಗ್ ಹಿಡಿಯುವ ಕೈಗಳೂ ಬೇರೆ ಊರಿನ ಕೈಗಳಂತಲ್ಲ. ಅಡಿಕೆ ಸುಗ್ಗಿಯಲ್ಲಿ ಹಸಿಕಾಯಿ ಸುಲಿದು, ಬೇಯಿಸಿ, ಬೇಯಿಸಿದ ಒಗರು ನೀರಾದ ಚೊಗರಿನಲ್ಲಿ ಅದ್ದಿ ಒಣಗಿಸುವವರ ಬೆರಳು ತಿಂಗಳುಗಟ್ಟಲೆ ಕೆಂಪುಗಪ್ಪು. ಎಲೆ ಅಡಿಕೆ ಹಾಕುವವರ ತೋರುಬೆರಳಿನಲ್ಲಿ ಸುಣ್ಣ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದು ಬಂದವರ ಕೈಯಲ್ಲಿ ಮೈಲುತುತ್ತ, ಜೊತೆಗೆ ಮತ್ತೆ ಸುಣ್ಣ. ಮೇಲೆ ಬೆವರು, ಮಣ್ಣು. ಇಷ್ಟನ್ನೂ ಅಂಗೈಯಗಲದ ಚರ್ಮ ದಿನವೂ ಹೀರಿಕೊಳ್ಳಬೇಕು. ನಾಲ್ಕೈದು ವರ್ಷಕ್ಕೆ ಅದು ಜಿಡ್ಡುಗಟ್ಟಿ ಹೊಳೆಯತೊಡಗುತ್ತದೆ, ಆಮೇಲೆ ಬಣ್ಣ ಬಿಡುತ್ತದೆ, ಕೊನೆಗೆ ಹೊಟ್ಟು ಹೊಟ್ಟಾಗಿ ಏಳುತ್ತದೆ.

ಇವುಗಳಲ್ಲಿ ಸುಣ್ಣದ್ದೇ ದೊಡ್ಡ ಕಾಟ. ಚರ್ಮ ಹದ ಮಾಡುವ ಕಡೆ ಮೊದಲ ಕೆಲಸವೇ ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕುವುದು. ಕೂದಲು ಸಡಿಲವಾಗಲಿ, ನಾರು ಬಿಚ್ಚಿಕೊಳ್ಳಲಿ ಎಂದು ಹಾಗೆ ಮಾಡುತ್ತಾರೆ. ಹದವಾಗುವ ಮೊದಲು ಆ ಸುಣ್ಣವನ್ನು ಪೂರ್ತಿ ತೊಳೆದು ತೆಗೆಯುತ್ತಾರೆ, ಏಕೆಂದರೆ ಹದವಾದ ಚರ್ಮದ್ದು ಆಮ್ಲದ ಗುಣ. ಸುಣ್ಣ, ಸೋಡಾ, ಬಟ್ಟೆ ಸೋಪು ಇವೆಲ್ಲ ಕ್ಷಾರ. ಸ್ಟೀರಿಂಗಿನ ಮೇಲೆ ಕ್ಷಾರ ಬಿದ್ದಷ್ಟೂ ಬಣ್ಣದ ಪದರ ಸಡಿಲವಾಗುತ್ತದೆ, ನಾರು ಬಿರುಸಾಗುತ್ತದೆ. 2020ರಿಂದೀಚೆಗೆ ಕಾರಿನೊಳಗೆ ಬಂದು ಕುಳಿತ ಸ್ಯಾನಿಟೈಸರ್ ಬಾಟಲಿಯೂ ಇದೇ ಹಾನಿ ಮಾಡುತ್ತದೆ. ಅದರಲ್ಲಿರುವ ಆಲ್ಕೋಹಾಲು ಬಣ್ಣದ ಪದರವನ್ನು ಮೆತ್ತಗೆ ಮಾಡುತ್ತದೆ. ಕೈ ಒಣಗುವ ಮೊದಲೇ ಸ್ಟೀರಿಂಗ್ ಹಿಡಿದರೆ ಆ ಪದರ ಅಂಗೈಗೆ ಅಂಟಿ ಬರುತ್ತದೆ.

ಸವೆದ ಸ್ಟೀರಿಂಗಿಗೆ ನಮ್ಮ ಮನೆಗಳಲ್ಲಿ ಮಾಡುವ ಮೊದಲ ಉಪಚಾರ ಎಣ್ಣೆ. ಕೊಬ್ಬರಿ ಎಣ್ಣೆ, ಇಲ್ಲವೇ ಹರಳೆಣ್ಣೆ. ಈ ಅಭ್ಯಾಸವನ್ನು ಅಜ್ಞಾನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಅದರ ಹಿಂದೆ ನಿಜವಾದ ತಿಳಿವಳಿಕೆ ಇದೆ. ಪಂಪ್‌ಸೆಟ್ಟು ಬರುವ ಮೊದಲು ಜಗಳೂರಿನಂಥ ಒಣ ಸೀಮೆಯಲ್ಲಿ ನೀರು ಮೇಲೆ ಬರುತ್ತಿದ್ದದ್ದು ಕಪಿಲೆ ಬಾವಿಯಿಂದ. ಎತ್ತುಗಳು ಇಳಿಜಾರಿನಲ್ಲಿ ಇಳಿದಾಗ ಮೇಲೆ ಬರುತ್ತಿದ್ದ ಬಾನಿ ಚರ್ಮದ್ದು, ಎಷ್ಟೋ ಕಡೆ ಮಿಣಿಯೂ ಚರ್ಮದ್ದೇ. ಕಾಲಿನ ಮೆಟ್ಟು, ಎತ್ತಿನ ಕೊರಳ ಪಟ್ಟಿ, ಬಾರುಕೋಲು ಎಲ್ಲವೂ ಊರಿನಲ್ಲೇ ಹದವಾದ ಚರ್ಮದವು. ಒಣಗುಡ್ಡದ ಮೇಲೆ ಹಳದಿ ಹೂ ಬಿಟ್ಟು ನಿಲ್ಲುವ ಆವರಿಕೆ ಗಿಡ ಎಲ್ಲರಿಗೂ ಗೊತ್ತು. ಕೆಲವರು ತಂಗಡಿ ಎನ್ನುತ್ತಾರೆ. ಅದರ ತೊಗಟೆಯಲ್ಲಿ ಒಗರು, ಅಂದರೆ ಟ್ಯಾನಿನ್, ಹೇರಳ. ಆ ತೊಗಟೆಯ ಕಷಾಯದಲ್ಲಿ ತೊಗಲನ್ನು ವಾರಗಟ್ಟಲೆ ನೆನೆಹಾಕಿ, ಅಳಲೆಕಾಯಿಯ ನೀರು ಕೊಟ್ಟು, ಹೊಂಗೆ ಎಣ್ಣೆ ಉಣಿಸಿ ಹದ ಮಾಡುವ ಪದ್ಧತಿ ದಕ್ಷಿಣ ಭಾರತದ ಹೆಸರನ್ನು ಹೊರದೇಶಗಳವರೆಗೆ ಒಯ್ದಿತ್ತು. ಹಾಗೆ ಹದವಾದ ಚರ್ಮದ ಮೈ ಬತ್ತಲೆ, ಮೇಲೆ ಬಣ್ಣದ ಪೊರೆ ಇಲ್ಲ. ನೀರು, ಬಿಸಿಲು ಅದರೊಳಗಿನ ಎಣ್ಣೆಯನ್ನು ಹೀರಿದಂತೆಲ್ಲ ಮತ್ತೆ ಎಣ್ಣೆ ಉಣಿಸಬೇಕಾಗುತ್ತಿತ್ತು, ಚರ್ಮ ಅದನ್ನು ಕುಡಿಯುತ್ತಿತ್ತು. ನಮ್ಮ ಅಜ್ಜಂದಿರು ಮೆಟ್ಟಿಗೆ ಹರಳೆಣ್ಣೆ ಹಚ್ಚಿದ್ದು ನೂರಕ್ಕೆ ನೂರು ಸರಿ.

ಸ್ಟೀರಿಂಗಿನ ಚರ್ಮ ಆ ಜಾತಿಯದಲ್ಲ. ಕಾರುಗಳಿಗೆ ಬರುವ ಚರ್ಮ ಬಹುಪಾಲು ಕ್ರೋಮಿಯಂ ಲವಣದಿಂದ ಹದವಾದದ್ದು. ಅಮೆರಿಕದಲ್ಲಿ 1884ರಲ್ಲಿ ಪೇಟೆಂಟ್ ಆದ ಈ ವಿಧಾನ ನಮ್ಮ ದೇಶದಲ್ಲಿ ಬೇರೂರಿದ ಕಥೆ ನನಗೆ ಬಲು ಪ್ರಿಯ, ಏಕೆಂದರೆ ಅದು ಮತ್ತೆ ಕಪಿಲೆ ಬಾವಿಗೇ ಬಂದು ಮುಟ್ಟುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ ಕ್ರೋಮ್ ಚರ್ಮದ ಪ್ರಯೋಗ ನಡೆಸಿದರು. ಅವರು ಗಮನವಿಟ್ಟ ವಸ್ತುಗಳಲ್ಲಿ ನೀರೆತ್ತುವ ಚರ್ಮದ ಬಾನಿ ಒಂದು. ತೊಗಟೆಯಲ್ಲಿ ಹದವಾದ ಬಾನಿ ಸದಾ ನೀರಿನಲ್ಲಿದ್ದು ಬೇಗ ಕೊಳೆಯುತ್ತಿತ್ತು, ಕ್ರೋಮ್ ಚರ್ಮ ನೀರಿಗೆ ಜಗ್ಗುತ್ತಿರಲಿಲ್ಲ. ಇದೇ ಚಾಟರ್ಟನ್ ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದರು. ರೈತನ ಬಾವಿಯ ಬಾನಿಗೆ ಒಗ್ಗಿದ ಗುಣವೇ ಇಂದು ಕಾರಿಗೂ ಒಗ್ಗಿದೆ. ಬೆವರು, ತೇವ, ಬಿಸಿಲಿಗೆ ಕಾದ ಕಾರಿನ ಒಳಗಿನ ಉರಿ, ಎಲ್ಲಕ್ಕೂ ತಡೆಯಬಲ್ಲದು ಕ್ರೋಮ್ ಚರ್ಮ. ತೊಗಟೆ ಚರ್ಮ ಸುರುಟುವಷ್ಟು ಬಿಸಿನೀರಿನಲ್ಲೂ ಅದು ಸುರುಟುವುದಿಲ್ಲ.

ಆ ಚರ್ಮದ ಮೇಲೆ ಕಾರ್ಖಾನೆಯವರು ಬಣ್ಣ ಕೂರಿಸುತ್ತಾರೆ, ಬಣ್ಣದ ಮೇಲೆ ಪಾಲಿಯುರೆಥೇನಿನ ತೆಳುವಾದ ಕಾಪು ಪದರ. ನಮ್ಮ ಕೈ ಮುಟ್ಟುವುದು ಈ ಪದರವನ್ನೇ ಹೊರತು ಚರ್ಮವನ್ನಲ್ಲ. ಅದರ ಮೇಲೆ ಎಣ್ಣೆ ಹಚ್ಚುವುದೆಂದರೆ ಪ್ಲಾಸ್ಟಿಕ್ ಕುರ್ಚಿಗೆ ಎಣ್ಣೆ ಹಚ್ಚಿದ ಹಾಗೆ. ಒಳಗೆ ಇಳಿಯದೆ ಮೇಲೇ ನಿಲ್ಲುತ್ತದೆ, ದೂಳು ಹಿಡಿಯುತ್ತದೆ, ತಿರುವಿನಲ್ಲಿ ಕೈ ಜಾರಿಸುತ್ತದೆ. ಡ್ಯಾಶ್‌ಬೋರ್ಡ್ ಮಿಂಚಿಸಲು ಮಾರುವ ಸಿಲಿಕೋನ್ ಸ್ಪ್ರೇಯನ್ನೂ ಸ್ಟೀರಿಂಗಿನ ಹತ್ತಿರ ತರಬೇಡಿ. ಅದು ಕೈ ಜಾರಿಸುವುದಷ್ಟೇ ಅಲ್ಲ, ಮುಂದೆ ಬಣ್ಣ ಹಚ್ಚಿದರೆ ಕೂರಲೂ ಬಿಡುವುದಿಲ್ಲ.

ನಿಮ್ಮ ಸ್ಟೀರಿಂಗ್ ನಿಜವಾಗಿ ಚರ್ಮದ್ದೇ? ಕಂಪನಿಗಳು ಮೇಲ್ದರ್ಜೆಯ ಮಾದರಿಗಷ್ಟೇ ಚರ್ಮ ಸುತ್ತುತ್ತವೆ. ಉಳಿದವು ಅಚ್ಚು ಹಾಕಿದ ಪಾಲಿಯುರೆಥೇನ್, ಇಲ್ಲವೇ ಚರ್ಮದಂತೆ ಕಾಣುವ ರೆಕ್ಸಿನ್. ಹೊಲಿಗೆ ಇಲ್ಲದೆ ಒಂದೇ ಮೈಯಾಗಿದ್ದರೆ ಅದು ಅಚ್ಚಿನದು. ಹೊಲಿಗೆ ಇದ್ದರೆ ಕಡ್ಡಿಗಳ ಬಳಿ ಅಂಚು ಎದ್ದ ಜಾಗ ಹುಡುಕಿ, ಟಾರ್ಚ್ ಬಿಟ್ಟು ನೋಡಿ. ಒಳಮೈ ನಾರುನಾರಾಗಿ ಮಕಮಲ್ಲಿನಂತಿದ್ದರೆ ಚರ್ಮ, ಬಟ್ಟೆಯ ನೇಯ್ಗೆ ಕಂಡರೆ ರೆಕ್ಸಿನ್. ರೆಕ್ಸಿನ್ ಚಕ್ಕೆ ಏಳತೊಡಗಿದ್ದರೆ, ಅಚ್ಚಿನ ಸ್ಟೀರಿಂಗ್ ಅಂಟಂಟಾಗಿದ್ದರೆ ನಾನು ಮುಂದೆ ಹೇಳುವ ಯಾವ ಕೆಲಸವೂ ಅದಕ್ಕೆ ಹಿಡಿಯದು. ಅಂಥದ್ದಕ್ಕೆ ಮೇಲೆ ಚರ್ಮ ಸುತ್ತಿಸುವುದೇ ದಾರಿ.

ಚರ್ಮ ಎಂದು ಖಚಿತವಾದ ಮೇಲೆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಸ್ಟೀರಿಂಗಿನ ಹೊಳಪು ಅದರ ಅಂದವಲ್ಲ, ಅದು ಕೊಳೆ. ಕಾರ್ಖಾನೆಯಿಂದ ಬಂದ ಚರ್ಮದ ಮೈ ಮಂಕಾಗಿರುತ್ತದೆ, ಬೆಳಕು ಬಿದ್ದರೂ ಮಿನುಗುವುದಿಲ್ಲ. ಅಂಗೈಯ ಜಿಡ್ಡು, ಬೆವರು, ದೂಳು ಸೇರಿ ಚರ್ಮದ ಸಣ್ಣ ಗೆರೆಗಳನ್ನು ತುಂಬಿದಾಗ ಹೊಳಪು ಬರುತ್ತದೆ. ಆದ್ದರಿಂದ ಯಾವ ಸಾಮಾನು ಕೊಳ್ಳುವ ಮೊದಲೂ ತೊಳೆದು ನೋಡಿ.

ಕಾರನ್ನು ನೆರಳಿಗೆ ನಿಲ್ಲಿಸಿ, ಬೀಗದ ಕೈ ತೆಗೆದಿಡಿ. ಹಾರನ್ ಭಾಗ, ಸಂಗೀತ ಮತ್ತು ಫೋನಿನ ಗುಂಡಿಗಳು, ಹಿಂದಿನ ಇಂಡಿಕೇಟರ್ ಕಡ್ಡಿಗಳನ್ನು ಕಾಗದದ ಟೇಪಿನಿಂದ ಮುಚ್ಚಿ. ಚರ್ಮಕ್ಕೆಂದೇ ಸಿಗುವ ಕ್ಲೀನರ್ ಇದ್ದರೆ ಒಳ್ಳೆಯದು, ಇಲ್ಲವಾದರೆ ಮಗುವಿಗೆ ಬಳಸುವಂಥ ಸೌಮ್ಯ ದ್ರವ ಸೋಪಿನ ನಾಲ್ಕು ಹನಿಯನ್ನು ಒಂದು ಬಟ್ಟಲು ನೀರಿಗೆ ಹಾಕಿ. ಪಾತ್ರೆ ತೊಳೆಯುವ ಸೋಪು, ಅಡುಗೆ ಸೋಡಾ, ಬಟ್ಟೆ ಪುಡಿ ಬೇಡ. ಬೇಕಾದದ್ದು ನೊರೆ, ನೀರಲ್ಲ. ಮೆತ್ತನೆಯ ಬ್ರಷ್ಷಿಗೆ ನೊರೆ ಮಾತ್ರ ತೆಗೆದುಕೊಂಡು ಅಂಗೈಯಗಲದ ಜಾಗವನ್ನು ಸುತ್ತ ಸುತ್ತ ಉಜ್ಜಿ, ತಕ್ಷಣ ಹಸಿ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಆರಿಸಿ, ಪಕ್ಕದ ಜಾಗಕ್ಕೆ ಹೋಗಿ. ಬಟ್ಟೆ ಬಿಳಿಯದಿರಲಿ, ಅದರ ಮೇಲೆ ಬರುವ ಬಣ್ಣವನ್ನು ಗಮನಿಸಿ. ಕಂದು ಕೆಸರಿನಂಥದ್ದು ಬಂದರೆ ಕೊಳೆ ಬರುತ್ತಿದೆ, ಸ್ಟೀರಿಂಗಿನದೇ ಬಣ್ಣ ಬಂದರೆ ಅಲ್ಲಿಗೆ ನಿಲ್ಲಿಸಿ. ತಿಳಿಬಣ್ಣದ ಸ್ಟೀರಿಂಗಿಗೆ ಹತ್ತಿದ ಚೊಗರಿನ ಕಲೆ ಮಾತ್ರ ಈ ನೊರೆಗೆ ಪೂರ್ತಿ ಬಿಡುವುದಿಲ್ಲ. ಅಡಿಕೆಯ ಆ ಒಗರೂ ಟ್ಯಾನಿನ್ನೇ, ತೊಗಲನ್ನು ಕಂಡರೆ ಅಪ್ಪಿಕೊಳ್ಳುವುದು ಅದರ ಸ್ವಭಾವ. ಪದರ ಹೋದ ಜಾಗದಲ್ಲಂತೂ ನಾರಿಗೇ ಇಳಿದಿರುತ್ತದೆ. ಅದನ್ನು ಉಜ್ಜಿ ತೆಗೆಯಲು ಹಟ ಹಿಡಿಯಬೇಡಿ, ಬಣ್ಣದಿಂದ ಮುಚ್ಚಬಹುದು.

ಒಣಗಿದ ಮೇಲೆ ಸವೆದಂತೆ ಕಂಡ ಜಾಗಕ್ಕೆ ಒಂದು ಹನಿ ನೀರು ಬಿಡಿ. ಹನಿ ಮುತ್ತಾಗಿ ನಿಂತರೆ ಕಾಪು ಪದರ ಇನ್ನೂ ಇದೆ ಎಂದರ್ಥ. ನಿಮ್ಮ ಕೆಲಸ ಮುಗಿಯಿತು, ಒಂದು ರೂಪಾಯಿಯೂ ಖರ್ಚಿಲ್ಲ. ಹನಿ ಇಂಗಿ ಆ ಜಾಗ ಕಪ್ಪಾದರೆ ಪದರ ಹೋಗಿದೆ. ಅಲ್ಲಿಂದ ಮುಂದೆ ದುರಸ್ತಿ.

ದುರಸ್ತಿಗೆ ಬೇಕಾದವು ನಾಲ್ಕು: ನಯವಾದ ಸ್ಯಾಂಡ್ ಪೇಪರ್, ಚರ್ಮಕ್ಕೆ ತುಂಬುವ ಫಿಲ್ಲರ್, ನೀರಿನಲ್ಲಿ ಬೆರೆಯುವ ಚರ್ಮದ ಬಣ್ಣ, ಮೇಲೆ ಹೊಡೆಯುವ ಮಂಕು ಟಾಪ್ ಕೋಟ್. ಬೂಟ್ ಪಾಲಿಶ್ ಆಗದು, ಅದು ಬೆವರಿದ ಕೈಗೆ ಬಂದು ಅಂಗಿಗೆ ಹತ್ತುತ್ತದೆ. ತಲೆಗೆ ಹಚ್ಚುವ ಬಣ್ಣ, ಗೋಡೆಯ ಪೇಂಟು, ಫೆವಿಕಾಲ್ ಯಾವುದೂ ಆಗದು. ಸ್ಟೀರಿಂಗಿನ ಸುತ್ತಳತೆ ಸುಮಾರು 115 ಸೆಂಟಿಮೀಟರ್, ಬಳಿಯಬೇಕಾದ ಜಾಗ ಕಡಿಮೆ. 50 ಮಿಲಿಲೀಟರ್ ಬಣ್ಣ ಸಾಕು.

ಜಿಡ್ಡು ಉಳಿದಿದ್ದರೆ ಬಣ್ಣ ನಿಲ್ಲದು. ಐಸೋಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ತುಸುವೇ ಹಾಕಿ ಒಂದೆರಡು ಸಲ ಒರೆಸಿ. ಸ್ಯಾನಿಟೈಸರ್ ಬೇಡ ಎಂದವರು ಈಗ ಆಲ್ಕೋಹಾಲು ಎನ್ನುತ್ತಾರಲ್ಲ ಎಂದು ಕೇಳಬಹುದು. ಇಲ್ಲಿ ಹಳೆಯ ಪದರವನ್ನು ಸ್ವಲ್ಪ ಸಡಿಲಿಸುವುದೇ ನಮಗೆ ಬೇಕಾದದ್ದು, ಮೇಲೆ ಹೊಸ ಪದರ ಬರಲಿದೆ. 600 ನಂಬರಿನ ಸ್ಯಾಂಡ್ ಪೇಪರಿನಿಂದ ಎದ್ದ ಹೊಟ್ಟನ್ನು ಮಟ್ಟ ಮಾಡಿ, 1000 ನಂಬರಿನಿಂದ ನಯ ಮಾಡಿ. ಕೈ ಹಗುರವಾಗಿರಲಿ, ಮೂಗಿಗೆ ಬಟ್ಟೆ ಇರಲಿ. ಬಿರುಕು, ಕುಳಿ ಇದ್ದ ಕಡೆ ಫಿಲ್ಲರನ್ನು ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಕಾಗದದಷ್ಟು ತೆಳುವಾಗಿ ಎಳೆಯಿರಿ. ಒಣಗಲಿ, ಮತ್ತೆ ಎಳೆಯಿರಿ. ದಪ್ಪಗೆ ತುಂಬಿದ ಫಿಲ್ಲರ್ ಸ್ಟೀರಿಂಗ್ ಹಿಂಡಿದಾಗ ಸೀಳುತ್ತದೆ.

ಬಣ್ಣದ ವಿಚಾರದಲ್ಲಿ ತಾಳ್ಮೆ ಬೇಕು. ಕಪ್ಪು ಎಂದರೆ ಒಂದೇ ಕಪ್ಪಲ್ಲ. ಬೂದಿ ಬೆರೆತ ಕಪ್ಪಿದೆ, ನೀಲಿ ಛಾಯೆಯ ಕಪ್ಪಿದೆ. ಸ್ಟೀರಿಂಗಿನ ಕೆಳಭಾಗದಲ್ಲಿ ಕೈ ಮುಟ್ಟದ ಚರ್ಮ ಮೂಲ ಬಣ್ಣದಲ್ಲಿ ಉಳಿದಿರುತ್ತದೆ. ಅದರ ಪಕ್ಕ ಚಿಕ್ಕ ಚುಕ್ಕೆ ಇಟ್ಟು, ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ಹೋಲಿಸಿ. ಕೂಡಿತೆಂದರೆ ಸ್ಪಂಜಿನ ತುಂಡನ್ನು ಬಣ್ಣಕ್ಕೆ ಮುಟ್ಟಿಸಿ, ಹೆಚ್ಚಿನದನ್ನು ಕಾಗದದ ಮೇಲೆ ಒತ್ತಿ ತೆಗೆದು, ಚರ್ಮದ ಮೇಲೆ ತಟ್ಟುತ್ತಾ ಹೋಗಿ. ಎಳೆಯಬೇಡಿ, ತಟ್ಟಿ. ಎಳೆದರೆ ಗೆರೆ ಮೂಡುತ್ತದೆ. ಮೊದಲ ಸುತ್ತಿನಲ್ಲಿ ಹಳೆಯದು ಕಾಣುತ್ತಲೇ ಇರುತ್ತದೆ, ಅದಕ್ಕೆ ಬೇಸರ ಬೇಡ. ಮೂರು ನಾಲ್ಕು ತೆಳು ಸುತ್ತಿಗೆ ತುಂಬಿಕೊಳ್ಳುತ್ತದೆ. ಪ್ರತಿ ಸುತ್ತೂ ಒಣಗಬೇಕು, ಹೇರ್ ಡ್ರೈಯರನ್ನು ದೂರ ಹಿಡಿದು ಬಿಸಿಗಾಳಿ ಕೊಡಬಹುದು. ಹೊಲಿಗೆಯ ನೂಲು ಬೇರೆ ಬಣ್ಣದ್ದಾಗಿದ್ದರೆ ಅದರ ಅಕ್ಕಪಕ್ಕ ಸಣ್ಣ ಕುಂಚದಿಂದ ಬಳಿಯಿರಿ.

ನಮ್ಮ ಕಡೆ ಈ ಕೆಲಸಕ್ಕೆ ಎಲ್ಲ ಕಾಲವೂ ಹೊಂದುವುದಿಲ್ಲ. ಮಳೆಗಾಲದಲ್ಲಿ ಹೊನ್ನಾಳಿ, ನ್ಯಾಮತಿಯ ತೇವದ ಗಾಳಿಯಲ್ಲಿ ಒಂದೊಂದು ಸುತ್ತೂ ಒಣಗಲು ಬಹಳ ಹೊತ್ತು ಹಿಡಿಯುತ್ತದೆ. ಬೇಸಿಗೆಯ ನಡುಹಗಲಲ್ಲಿ ಜಗಳೂರಿನ ಕಡೆ ಬಣ್ಣ ಹರಡುವ ಮೊದಲೇ ಒಣಗಿ ಗಂಟುಗಟ್ಟುತ್ತದೆ, ಜೊತೆಗೆ ಬೀಸುವ ಗಾಳಿ ತರುವ ಕೆಂಪು ದೂಳು. ಅಡಿಕೆ ಸುಗ್ಗಿ ಮುಗಿದ ಮೇಲೆ, ಬಿಸಿಲು ಏರುವ ಮೊದಲು, ಬೆಳಗಿನ ಹೊತ್ತು ಒಳ್ಳೆಯದು. ಕೈಯೂ ಆಗ ಚೊಗರಿನಿಂದ ಬಿಡುಗಡೆ ಪಡೆದಿರುತ್ತದೆ.

ಕೊನೆಯದು ಟಾಪ್ ಕೋಟ್. ಮಿರುಗುವ ಬಗೆ ಬೇಡ, ಮಂಕು ಬಗೆಯೇ ಇರಲಿ. ಇದನ್ನೂ ಎರಡು ಮೂರು ತೆಳು ಸುತ್ತು ತಟ್ಟಬೇಕು. ಕೆಲವು ಟಾಪ್ ಕೋಟಿಗೆ ಗಟ್ಟಿಗೊಳಿಸುವ ಇನ್ನೊಂದು ದ್ರವವನ್ನು ಹನಿ ಲೆಕ್ಕದಲ್ಲಿ ಬೆರೆಸಬೇಕಾಗುತ್ತದೆ. ಅದು ಮೈಗೆ, ಉಸಿರಿಗೆ ಒಳ್ಳೆಯದಲ್ಲ. ಕೈಗವಸು ಹಾಕಿ, ಕಾರಿನ ನಾಲ್ಕೂ ಬಾಗಿಲು ತೆರೆದಿಡಿ, ಮಕ್ಕಳನ್ನು ದೂರವಿಡಿ. ಮುಗಿದ ಮೇಲೆ ಕನಿಷ್ಠ 24 ಗಂಟೆ ಕಾರು ಓಡಿಸಬಾರದು, ಒಂದು ವಾರ ಒದ್ದೆ ಬಟ್ಟೆ ತಾಗಿಸಬಾರದು.

ಈ ಕೆಲಸಕ್ಕೆ ಸ್ಟೀರಿಂಗನ್ನು ಕಾರಿನಿಂದ ಬಿಚ್ಚುವವರಿದ್ದಾರೆ. ದಯವಿಟ್ಟು ಬಿಚ್ಚಬೇಡಿ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಅದು ಇರುವುದು ಸ್ಟೀರಿಂಗಿನ ನಡುವೆ, ಹಾರನ್ ಮುಚ್ಚಳದ ಕೆಳಗೆ. ಅದರೊಳಗೆ ಸಿಡಿಯುವ ಮದ್ದು ಇದೆ. ತಿಳಿಯದ ಕೈ ಅದನ್ನು ಕೆದಕಬಾರದು. ಹಾಗೆಯೇ ಆ ಮುಚ್ಚಳದ ಮೇಲೆ ಬಣ್ಣವನ್ನಾಗಲಿ ಅಲಂಕಾರದ ಸ್ಟಿಕ್ಕರನ್ನಾಗಲಿ ಹಚ್ಚಬಾರದು.

ಹೊಲಿಗೆ ಬಿಟ್ಟಿದ್ದರೆ? ಅಡಿಕೆ ಚೀಲ ಹೊಲೆಯುವ ದಬ್ಬಳ ಹಿಡಿದು ಕೂರಬೇಡಿ. ದೊಡ್ಡ ತೂತು ಬಿದ್ದ ಚರ್ಮ ಅಲ್ಲಿಂದಲೇ ಸೀಳುತ್ತದೆ. ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲೆಯುವ ಅಣ್ಣನ ಹತ್ತಿರ ಕಾರು ತೆಗೆದುಕೊಂಡು ಹೋಗಿ. ಮೇಣ ಸವರಿದ ನೂಲಿಗೆ ಎರಡು ಸೂಜಿ ಪೋಣಿಸಿ, ಹಳೆಯ ತೂತುಗಳಲ್ಲೇ ಹಾಯಿಸಿ, ಎರಡೂ ಅಂಚನ್ನು ಒಂದಕ್ಕೊಂದು ಮುಟ್ಟುವಂತೆ ಎಳೆಯುವ ಕಸುಬು ಅವರ ಕೈಯಲ್ಲಿದೆ. ಕೇಳಿದ ಹಣ ಕೊಡಿ, ಚೌಕಾಸಿ ಬೇಡ. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನವರನ್ನು ಶರಣರ ಸಾಲಿನಲ್ಲಿ ಕೂರಿಸಿದ ನಾಡು ನಮ್ಮದು. ಆದರೂ ತೊಗಲಿನ ವಿದ್ಯೆ ಬಲ್ಲವರನ್ನು ನೂರಾರು ವರ್ಷ ಊರ ಹೊರಗಿಟ್ಟೆವು, ಅವರು ಮಾಡಿದ ಬಾನಿಯಿಂದ ನೀರು ಕುಡಿದೆವು. ಇಂದು ಲಕ್ಷಾಂತರ ರೂಪಾಯಿಯ ಕಾರಿನಲ್ಲಿ ಚರ್ಮದ ಹೊದಿಕೆ ಇದೆ ಎಂದು ಹೆಮ್ಮೆಪಡುವಾಗ ಆ ವಿದ್ಯೆಗೆ ಸಲ್ಲಬೇಕಾದ ಗೌರವವೂ ಕೂಲಿಯೂ ಸಲ್ಲಲೇಬೇಕು ಎಂದು ನಾನು ಮನಸಾರೆ ನಂಬಿದ್ದೇನೆ. ಪೂರ್ತಿ ಹರಿದು ಹೋದ ಸ್ಟೀರಿಂಗಿಗೆ ಹೊಸ ಚರ್ಮ ಸುತ್ತಿಸಲು ದಾವಣಗೆರೆ, ಶಿವಮೊಗ್ಗದಂಥ ಊರುಗಳ ಕುಷನ್ ಅಂಗಡಿಗಳಿಗೆ ಹೋಗಬಹುದು.

ಅಂಗಡಿಯಲ್ಲಿ ನೇತುಹಾಕಿರುವ ರಬ್ಬರಿನ, ತುಪ್ಪಳದ ಕವರುಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಸಡಿಲವಾದ ಕವರು ತಿರುವಿನಲ್ಲಿ ತಾನೊಂದೇ ತಿರುಗುತ್ತದೆ, ಒಳಗೆ ಬೆವರು ನಿಲ್ಲುತ್ತದೆ.

ದುರಸ್ತಿಯಾದ ಮೇಲೆ ಹೆಚ್ಚಿನ ಆರೈಕೆ ಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ ಹಸಿ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಆರಿಸಿ. ಸೂಳೆಕೆರೆಯ ಏರಿಯ ಮೇಲೋ, ಸಂತೇಬೆನ್ನೂರಿನ ಪುಷ್ಕರಣಿಯ ಮುಂದೋ ಬಿಸಿಲಿಗೆ ಕಾರು ನಿಲ್ಲಿಸಿದರೆ ಸ್ಟೀರಿಂಗಿನ ಮೇಲೆ ಒಂದು ಟವಲು ಹೊದಿಸಿ. ಬಾಗಿಲಿನ ಚೀಲದಲ್ಲಿ ಒಂದು ಬಟ್ಟೆ, ಒಂದು ಬಾಟಲಿ ನೀರು ಇರಲಿ. ತೋಟದಿಂದ ಬಂದಾಗ, ಎಲೆಗೆ ಸುಣ್ಣ ಸವರಿದಾಗ, ಸ್ಟೀರಿಂಗ್ ಹಿಡಿಯುವ ಮೊದಲು ಬೆರಳು ತೊಳೆದು ಒರೆಸಿಕೊಳ್ಳಿ.

ಇನ್ನೊಂದು ವಿಚಾರ. ಈ ಕೆಲಸ ಚೆನ್ನಾಗಿ ಬಂದರೆ ಎರಡು ಲಕ್ಷ ಕಿಲೋಮೀಟರ್ ಓಡಿದ ಕಾರಿನ ಸ್ಟೀರಿಂಗೂ ಹೊಸದರಂತೆ ಕಾಣುತ್ತದೆ. ಕಾರು ಮಾರುವಾಗ ಕೊಳ್ಳುವವರು ಆ ಸ್ಟೀರಿಂಗ್ ನೋಡಿಯೇ ಕಾರಿನ ವಯಸ್ಸು ಅಳೆಯುತ್ತಾರೆ. ಬಣ್ಣ ಹಾಕಿದ್ದು ಯಾವಾಗ, ಯಾವ ಜಾಗಕ್ಕೆ ಎಂದು ಅವರು ಕೇಳುವ ಮೊದಲೇ ಹೇಳಿ, ಸವೆದಿದ್ದಾಗ ತೆಗೆದ ಫೋಟೋ ಇದ್ದರೆ ತೋರಿಸಿ, ಸರ್ವಿಸ್ ಪುಸ್ತಕವನ್ನೂ ಅವರ ಕೈಗೆ ಕೊಡಿ.